ಕ್ಯಾತಣ್ಣನ ಬರಿಗಾಲು, ಕಾವಲಿನ ಜಾಲಿ

ಕ್ಯಾತಣ್ಣನ ಬಲಗಾಲು ಕುಂಬಳಕಾಯಿಯಂತೆ ಬಾತುಕೊಂಡಿದ್ದ ದಿನ ಅವನ ಹೆಂಡತಿ ಕೆಂಪಕ್ಕ ಒಂದು ಜೊತೆ ಚಪ್ಪಲಿ ತಂದು ಅವನ ಮುಂದೆ ಎಸೆದಳು. ಮಧುಗಿರಿ ಬಸ್‌ಸ್ಟ್ಯಾಂಡಿನ ಪಕ್ಕ ಕೊಂಡ ಕಪ್ಪು ರಬ್ಬರ್ ಚಪ್ಪಲಿ.

"ಡಾಕ್ಟ್ರು ಅಂದಿದ್ದು ಕೇಳಿಸ್ಕಂಡ್ಯಲ್ಲ? ಇನ್ನೊಂದು ಕಿತ ಹಿಂಗೆ ಮುಳ್ಳು ಒಳಗೇ ಮುರ್ಕಂಡ್ರೆ ಕಾಲು ತೆಗೀಬೇಕಾಯ್ತದಂತೆ. ಮೆಟ್ಕೋ."

"ಮೆಟ್ಕಂಡ್ರೆ ದನ ಕಾಯೋರ್ಯಾರು? ನಿಮ್ಮಪ್ಪನಾ?"

"ನಮ್ಮಪ್ಪ ಸತ್ತು ಮಣ್ಣಾದ. ಆದ್ರೂ ಹೋಗೋವಾಗ ಎರಡು ಕಾಲೂ ನೆಟ್ಟಗಿದ್ವು."

ಕ್ಯಾತಣ್ಣ ಕಾಡುಗೊಲ್ಲರ ಹಟ್ಟಿಯವನು, ದೇವರ ದನಗಳ ಕಿಲಾರಿ. ಈ ದನಗಳಿಗೆ ನೊಗ ಹೂಡುವುದಿಲ್ಲ, ಹಾಲು ಕರೆದು ಮಾರುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಹಟ್ಟಿಯಲ್ಲೇ ಹುಟ್ಟಿ, ಮುದಿಯಾಗಿ, ಅಲ್ಲೇ ಸಾಯುತ್ತವೆ. ಅವನ್ನು ಮೇಯಿಸುವ ಕಿಲಾರಿ ಬರಿಗಾಲಲ್ಲೇ ನಡೆಯಬೇಕು. ಕಾಲಿಗೆ ಮೆಟ್ಟು ಬಿದ್ದ ದಿನ ಕೈಯ ಕೋಲು ಇನ್ನೊಬ್ಬನಿಗೆ ಹೋಗುತ್ತದೆ. ಮೀಸೆ ಚಿಗುರುವ ಮೊದಲೇ ಕ್ಯಾತಣ್ಣ ಆ ಕೋಲು ಹಿಡಿದವನು. ಬೇರೆ ಕೆಲಸ ಅವನಿಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ಚಪ್ಪಲಿಯನ್ನು ಕೋಲಿನ ತುದಿಯಿಂದ ಎತ್ತಿ ಸೂರಿಗೆ ಸಿಕ್ಕಿಸಿದ. ಅವತ್ತಿನಿಂದ ಅದು ಅಲ್ಲೇ ನೇತಾಡುತ್ತಿತ್ತು.

ತಪ್ಪು ಕಾಲಿನದಲ್ಲ, ಕಾವಲಿನದು. ಹಟ್ಟಿಯ ಪಡುವಣಕ್ಕೆ ಹಬ್ಬಿರುವ ಬೋರೆ ಕಾವಲು ಅರಸರ ಕಾಲದ ಹುಲ್ಲುಗಾವಲು. ದಂಡಿನ ಫಿರಂಗಿ ಎಳೆಯುವ ಎತ್ತುಗಳು ಇಲ್ಲಿ ಮೇಯುತ್ತಿದ್ದವಂತೆ. ದಂಡು ಹೋಯಿತು, ಅರಸರು ಹೋದರು, ಹುಲ್ಲು ಉಳಿಯಿತು. ಆಮೇಲೆ ಬಂದವರೆಲ್ಲ ಇದನ್ನು ಬೀಳು ಜಮೀನು ಎಂದೇ ಕರೆದರು. ಒಬ್ಬರು ಉಳಲು ಬಂದರು, ಒಬ್ಬರು ನೀಲಗಿರಿ ನೆಡಲು ಬಂದರು. ಕ್ಯಾತಗಾನಚೆರ್ಲು ಕಡೆ ಸೋಲಾರ್ ಫಲಕಗಳು ಎದ್ದ ಮೇಲೆ ಕಾರಿನಲ್ಲಿ ಬಂದು ಬಿಸಿಲು ಅಳೆದು ಹೋದವರೂ ಉಂಟು. ಕಾವಲು ಉಳಿಸಲು ನಾವು ಕಟ್ಟಿದ ಸಂಘ ಅಡ್ಡ ಮಲಗಿತು, ಲಾಠಿ ತಿಂದಿತು, ಗೆದ್ದಿತು. ಜಿಂಕೆಗಳಿವೆಯೆಂದು ಸರ್ಕಾರ ಕಾವಲನ್ನು ರಕ್ಷಿತ ಪ್ರದೇಶ ಮಾಡಿತು. ಹಟ್ಟಿಯ ದನಗಳಿಗೆ ಮೇಯುವ ಹಕ್ಕು ಉಳಿಯಿತು.

ಜೊತೆಗೆ ಇನ್ನೊಂದು ನಿಯಮವೂ ಬಂತು: ಒಳಗೆ ಒಂದು ಕಡ್ಡಿಯನ್ನೂ ಕಡಿಯುವಂತಿಲ್ಲ. ಮುಳ್ಳಿನ ಬಳ್ಳಾರಿ ಜಾಲಿಗೆ ಅಷ್ಟೇ ಸಾಕಾಯಿತು. ಮೊದಲು ಹಳ್ಳದ ದಂಡೆಯಲ್ಲಿದ್ದದ್ದು ಬಯಲಿಗೆ ಹತ್ತಿತು. ಅದರ ನೆರಳಲ್ಲಿ ಹುಲ್ಲು ಸತ್ತಿತು. ಜಿಂಕೆಗೆ ದೂರಕ್ಕೆ ಕಾಣುವ ಬಯಲು ಬೇಕು. ತೋಳ ಬಂದರೆ ಕಂಡು, ನೆಗೆದು ಓಡಬೇಕು. ಪೊದೆ ಕವಿದ ಕಡೆ ಅವು ಕಾಲಿಡಲಿಲ್ಲ. ಜಿಂಕೆಗಾಗಿ ಕಾಪಾಡಿದ ಕಾವಲಿನಿಂದ ಜಿಂಕೆಗಳೇ ಹೊರಬಿದ್ದು ಹೊಲಗಳ ಹೆಸರು, ಅಲಸಂದೆ ಬೆಳೆಗೆ ಬಾಯಿ ಹಾಕಿದವು. ಕ್ಯಾತಣ್ಣನಿಗೆ ಮಾತ್ರ ಹೊರಬೀಳುವ ದಾರಿ ಇರಲಿಲ್ಲ. ದನ ಹೋದ ಕಡೆ ಅವನೂ ಹೋಗಬೇಕು.

ಹಟ್ಟಿಯ ಯಜಮಾನ ಚಿತ್ತಯ್ಯ ಬಂದು ಕಾಲು ನೋಡಿ, "ಮುಂದಿನ ಮಳೆಗಾಲಕ್ಕೆ ಬೇರೆಯೋರ್ನ ನೋಡೋಣ ಬುಡ್ಲಾ" ಎಂದ. ಕಾಲು ವಾಸಿಯಾದರೂ ಕಾವಲಿನ ಮುಳ್ಳು ಇದ್ದೇ ಇರುತ್ತದಲ್ಲ ಎಂಬುದು ಅವನ ಲೆಕ್ಕ.

ಸಂಘದ ಪರವಾಗಿ ನಾನು ಎಂದಿನಂತೆ ಅರಣ್ಯ ಕಚೇರಿಗೆ ಬೀಗ ಜಡಿಯೋಣ ಎಂದೆ.

"ಬೀಗ ಜಡಿದ್ರೆ ಜಾಲಿ ಒಣಗ್ತದಾ? ಸುಮ್ಕಿರಣ್ಣ" ಎಂದ ಕ್ಯಾತಣ್ಣ. "ದನಾನ ಹುಲ್ಲಿಗೆ ಬುಡೋ ದಿನಕ್ಕೆ ರೇಂಜರಮ್ಮನ್ನ ಕರೀತೀನಿ."

ಮುಂಗಾರಿನ ಮೊದಲ ಹಸಿರು ಬಂದಾಗ ದೇವರ ದನಗಳನ್ನು ರೊಪ್ಪದಿಂದ ಕಾವಲಿಗೆ ಮೆರವಣಿಗೆಯಲ್ಲಿ ಹೊಡೆಯುತ್ತಾರೆ. ಕಾವಲಿನ ನಡುವೆ ನೆಟ್ಟಿರುವ ಕರುಗಲ್ಲು ಮುಟ್ಟುವವರೆಗೆ, ಜೊತೆಗೆ ನಡೆಯುವವರು ಯಾರೇ ಆಗಲಿ, ಬರಿಗಾಲು.

ರೇಂಜರ್ ವೇದಾವತಿ ಕೊರಟಗೆರೆ ಕಡೆಯವರು, ಹೊಸಬರು. ಬಂದರು, ಬೂಟು ಬಿಚ್ಚಿ ಜೀಪಿನೊಳಗಿಟ್ಟು ನಡೆದರು. ಬೋರೆ ಏರುವವರೆಗೆ ಚೆನ್ನಾಗಿತ್ತು. ಆಮೇಲೆ ಹಳೆಯ ದಾರಿ ಪೊದೆಯೊಳಗೆ ನುಗ್ಗಿತು. ಎತ್ತುಗಳ ಬೆನ್ನಿಗೆ ಗೀರು ಬಿತ್ತು. ವೇದಾವತಿ ತಟ್ಟನೆ ಕುಳಿತರು.

"ಅಮ್ಮಾ" ಎಂಬ ಒಂದೇ ಮಾತು.

ಕೆಂಪಕ್ಕ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. "ಅಲ್ಲಾಡ್ಬೇಡ ಕಣಮ್ಮ. ನಮ್ಮ ಯಜಮಾನ್ರದ್ದು ದಿನಾ ತೆಗೆದೂ ತೆಗೆದೂ ನಂಗೆ ಕೈ ಬಂದ್‌ಬುಟ್ಟೈತೆ. ನಾನೇ ಆಸ್ಪತ್ರೆ ಇಡಬೌದು."

ವೇದಾವತಿ ನೋವಿನಲ್ಲೂ ನಕ್ಕರು. ಮುಳ್ಳು ಹೊರಬಂದಿತು. ಕ್ಯಾತಣ್ಣ ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು:

"ಗೊತ್ತಾಯ್ತು, ಯಾಕೆ ಕರೆದ್ರಿ ಅಂತ. ಈ ಜಾಲಿ ನಮ್ಮ ನೆಲದ್ದಲ್ಲ. ಕೀಳೋಕೆ ಮೇಲಿಂದ ಒಪ್ಪಿಗೆ ತರ್ತೀನಿ, ಅದು ನನ್ನ ಜವಾಬ್ದಾರಿ. ಆದ್ರೆ ಕ್ಯಾತಣ್ಣ, ಇಲ್ಲಿ ಬನ್ನಿ."

ಕುಂಟುತ್ತ ಹೋಗಿ ಒಣಗಿದ ಒಂದು ಸಗಣಿಯನ್ನು ಕಡ್ಡಿಯಿಂದ ಬಿಡಿಸಿದರು. ಒಳಗೆ ಜಾಲಿ ಬೀಜಗಳು, ಎರಡು ಆಗಲೇ ಮೊಳಕೆ ಒಡೆದಿದ್ದವು. "ಬೇಸಿಗೇಲಿ ನಿಮ್ಮ ದನ ಸಿಹಿ ಕಾಯಿ ತಿಂತವೆ, ಬಯಲಿಗೆ ಬಂದು ಸಗಣಿ ಹಾಕ್ತವೆ. ನಾನು ಕಿತ್ತಷ್ಟೂ ಇವು ಬಿತ್ತುತ್ತವೆ. ಕಾಯಿ ಉದುರೋ ಕಾಲದಲ್ಲಿ ಜಾಲಿ ಹತ್ರ ಬಿಡಬಾರದು. ಅದು ನಿಮ್ಮ ಜವಾಬ್ದಾರಿ."

ಕ್ಯಾತಣ್ಣ ಬಾಗಿ ಒಂದು ಮೊಳಕೆಯನ್ನು ಕಿತ್ತು ಅಂಗೈ ಮೇಲಿಟ್ಟುಕೊಂಡ. ಬರಗಾಲದಲ್ಲಿ ದೇವರೇ ದನಕ್ಕೆ ಕೊಟ್ಟ ಮೇವು ಅದು ಎಂದು, ಕೊಂಬೆ ಜಗ್ಗಿ ಜಗ್ಗಿ ಕಾಯಿ ಉದುರಿಸಿದವನು ಅವನೇ.

"ಥೂ ನಿನ್ನ" ಎಂದಳು ಕೆಂಪಕ್ಕ. "ನೀನೇ ಬಿತ್ತಿ, ನೀನೇ ಚುಚ್ಚುಸ್ಕಂಡು, ನನ್ನ ಕೈಲಿ ತೆಗೆಸ್ತಿದ್ದಾ?"

ಹಟ್ಟಿಗೆ ವಾಪಸು ಬಂದು ಕಟ್ಟೆಯ ಮೇಲೆ ಕೂತಾಗ ಚಿತ್ತಯ್ಯ ಅಡ್ಡಗಾಲು ಹಾಕಿದ. "ದೇವರ ದನ ಬಾಯಿ ಹಾಕಿದ್ದಕ್ಕೆ ಅಡ್ಡ ಹೋಗ್ಬಾರ್ದು. ಹಿಂದ್ಲಿಂದ ಬಂದಿರೋ ಕಟ್ಟು. ಅದನ್ನ ಮುರೀತೀಯಾ?"

ಮಾತು ಸುಳ್ಳಲ್ಲ. ದನ ಎಲ್ಲಿ ಬಾಯಿ ಹಾಕಿದರೂ ಕಿಲಾರಿ ತಡೆಯುವುದಿಲ್ಲ, ಅದೂ ಕಟ್ಟೇ. ಬರಿಗಾಲಿನ ಕಟ್ಟು ಉಳಿಸಿಕೊಳ್ಳಬೇಕಾದರೆ ಈ ಕಟ್ಟು ಬಿಡಬೇಕು. ಕ್ಯಾತಣ್ಣ ಕೋಲನ್ನು ಮೊಣಕಾಲ ಮೇಲೆ ಇಟ್ಟುಕೊಂಡ.

"ಮಾವ, ಹೋದೊರ್ಷ ದೇವರ ದನದ ಪಟ್ಟದ ಎತ್ತು ನಿನ್ನ ಶೇಂಗಾಕ್ಕೆ ಬಾಯಿ ಹಾಕ್ತಲ್ಲ, ಅವತ್ತು ಅದಕ್ಕೆ ಕಲ್ಲು ಬೀಸಿದ್ದು ಯಾರು?"

ಕಟ್ಟೆಯ ಮೇಲಿದ್ದವರೆಲ್ಲ ಚಿತ್ತಯ್ಯನ ಮುಖ ನೋಡಿದರು.

"ಕಲ್ಲಲ್ಲ ಕಣ್ಲಾ ಅದು, ಹೆಂಟೆ" ಎಂದ ಚಿತ್ತಯ್ಯ.

"ಹೆಂಟೆನೇ ಆಗ್ಲಿ. ನಿನ್ನ ಶೇಂಗಾಕ್ಕೆ ಅಡ್ಡ ಹೋಗ್ಬೌದು, ದೇವರ ಹುಲ್ಲಿಗೋಸ್ಕರ ಹೋಗ್ಬಾರ್ದಾ? ದನಕ್ಕೆ ಬುದ್ಧಿ ಹೇಳ್ದೇ ಇರೋಕೆ ಕಿಲಾರಿ ಯಾಕೆ ಬೇಕು? ಸುಮ್ನೆ ಬಾಲ ಹಿಡ್ಕಂಡು ಹೋಗೋಕೆ ಯಾರಾದ್ರೂ ಆಯ್ತದೆ."

ನಗು ನಿಂತ ಮೇಲೆ ಚಿತ್ತಯ್ಯನೇ ಕೇಳಿದ: "ಕಾಯಿ ತಿನ್ನದಂಗೆ ಕಟ್ಟಾಕುದ್ರೆ ಬೇಸಿಗೇಲಿ ಏನ್ ತಿಂತವೆ?"

"ಮನೆಗೊಂದು ಗಾಡಿ ರಾಗಿಹುಲ್ಲು. ಮೊದ್ಲನೇದು ನಿನ್ ಮನೇದು."

"ಸುಗ್ಗಿ ಆಗ್ಲಿ, ಹಾಕ್ತೀನಿ ಬುಡ್ಲಾ" ಎಂದ ಹೆಂಟೆ ಬೀಸಿದವನು.

ಒಪ್ಪಿಗೆ ಬರಲು ಮಳೆಗಾಲ ಕಳೆಯಿತು. ಇಲಾಖೆಯ ಯಂತ್ರ ದೊಡ್ಡ ಬುಡಗಳನ್ನು ಕಿತ್ತಿತು, ಹಟ್ಟಿಯವರು ಗುದ್ದಲಿ ಹಿಡಿದು ಸಣ್ಣವನ್ನು ಕಿತ್ತರು. ಇಡೀ ಕಾವಲು ಇನ್ನೂ ತೆರವಾಗಿಲ್ಲ, ಅರ್ಧ ಬಾಕಿ ಇದೆ. ತೆರವಾದ ಅರ್ಧದಲ್ಲಿ ಕರಡದ ಹುಲ್ಲು ಮೊಣಕಾಲುದ್ದ ಎದ್ದಿದೆ, ಕೌಜುಗ ಕೂಗುತ್ತದೆ. ಕರುಗಲ್ಲಿನ ಆಚೆ ತಿರುಚು ಕೊಂಬಿನ ಕಪ್ಪು ಗಂಡು ಜಿಂಕೆಯೊಂದು ಹೆಣ್ಣುಗಳನ್ನು ಹಿಂದಿಟ್ಟುಕೊಂಡು ನಿಲ್ಲುತ್ತದೆ.

ಈ ಬೇಸಿಗೆಯಲ್ಲಿ ನಾನು ಹೋದಾಗ ಕ್ಯಾತಣ್ಣ ಉಳಿದ ಜಾಲಿಯ ಅಂಚಿನಲ್ಲಿ ಕೋಲನ್ನು ಅಡ್ಡ ಹಿಡಿದು ನಿಂತಿದ್ದ. ಎದುರಿಗೆ ಪಟ್ಟದ ಎತ್ತು. ಬೆಳಗಿನ ರಾಗಿಹುಲ್ಲು ತಿಂದು ಬಂದಿದ್ದರೂ ಅದರ ಮೂಗು ಹಳದಿ ಕಾಯಿಗಳ ಕಡೆಗೇ ಇತ್ತು. ಹಣೆಯಿಂದ ಅವನ ಎದೆಯನ್ನು ಮೆಲ್ಲಗೆ ನೂಕಿತು.

"ನೂಕ್ತೀಯಾ? ನೂಕು. ನಂಗೆ ಕಾಲೈತೆ, ನಿಲ್ತೀನಿ" ಎಂದು ಅವನು ಬರಿಗಾಲನ್ನು ಮಣ್ಣಿಗೆ ಒತ್ತಿದ.

ಎತ್ತು ಇನ್ನೊಂದು ಸಲ ನೂಕಿ ನೋಡಿತು. ಆಮೇಲೆ ತಿರುಗಿ ಕರಡದ ಕಡೆ ನಡೆಯಿತು. ಸೂರಿನ ಚಪ್ಪಲಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದೆ ಎಂದು ಕೆಂಪಕ್ಕ ಬೈಯುತ್ತಿರುತ್ತಾಳೆ, ತೆಗೆದು ಹಾಕಿಲ್ಲ.