ಅರ್ಜಿ ಚಿನ್ನಯ್ಯನವರ ಬೆಂಚು

ತರೀಕೆರೆ ತಾಲ್ಲೂಕು ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ನಾಲ್ಕೈದು ಅರ್ಜಿ ಬರಹಗಾರರಲ್ಲಿ ಚಿನ್ನಯ್ಯನವರೊಬ್ಬರ ಮುಂದೆ ಮಾತ್ರ ಬೆಂಚಿತ್ತು. ಉಳಿದವರ ಗಿರಾಕಿಗಳು ನಿಂತೇ ಬರೆಸುತ್ತಿದ್ದರು. ಚಿನ್ನಯ್ಯನವರ ಹತ್ತಿರ ನಿಂತವರಿಗೆ ಅರ್ಜಿಯಿಲ್ಲ, ಕೈ ಮುಗಿದು ನಿಂತವರಿಗಂತೂ ಇಲ್ಲವೇ ಇಲ್ಲ. “ಮೊದ್ಲು ಕೂತ್ಕಳಿ. ನಿಂತ್ಕೊಂಡು ಹೇಳಿದ್ರೆ ನಂಗೆ ಕೇಳ್ಸಲ್ಲ,” ಎಂದು ಕನ್ನಡಕ ಒರೆಸುತ್ತಾ ಕಾಯುತ್ತಿದ್ದರು. ಅವರ ಕಿವಿ ಚೆನ್ನಾಗಿಯೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದ್ದನ್ನು ಅಲ್ಲಿಂದಲೇ ಕೇಳಿಸಿಕೊಂಡು, ಆ ಊರಿನ ಗಿರಾಕಿಯನ್ನು ಎಬ್ಬಿಸಿ ಓಡಿಸುತ್ತಿದ್ದರು.

ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಬಿಳಿ ಶರಟು. ಟೈಪ್‌ರೈಟರಿನ ಮುಚ್ಚಳದ ಒಳಗೆ ಬುದ್ಧನ ಒಂದು ಪುಟ್ಟ ಚಿತ್ರ ಅಂಟಿಸಿದ್ದರು. ಅವರ ತಂದೆ ಅದೇ ಕಚೇರಿಯ ಮೆಟ್ಟಿಲು ಹತ್ತುವಂತಿರಲಿಲ್ಲವಂತೆ; ಕೆಳಗೆ ನಿಂತು ಅಮಲ್ದಾರರಿಗೆ ಕೂಗಿ ಹೇಳಬೇಕಿತ್ತಂತೆ. ಇದನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದ್ದು. ಖಾತೆ ಬದಲಾವಣೆಗೆಂದು ಬಂದ ಲಕ್ಕವಳ್ಳಿಯ ರೈತರೊಬ್ಬರು ‘ಸಾಹೇಬರ ಪಾದಾರವಿಂದಗಳಿಗೆ ಅಂತ ಶುರು ಮಾಡಿ ಸ್ವಾಮಿ’ ಎಂದಾಗ, “ಜಮೀನು ನಿಮ್ದು, ಕಾಲು ಅವ್ರದು. ಎರಡಕ್ಕೂ ಏನ್ರೀ ಸಂಬಂಧ?” ಎಂದುಬಿಟ್ಟರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳದೆ ಅವರು ಯಾರ ಸಹಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ನಾನು ಆ ಬೆಂಚಿಗೆ ಹೋಗಿ ಬಿದ್ದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹೆಂಡತಿಯ ಸಲುವಾಗಿ. ಇಂಗ್ರಿಡ್ ಡೆನ್ಮಾರ್ಕಿನವಳು. ದೇವನೂರು ಕಡೆ ಕೊಳವೆ ಬಾವಿ ಕೊರೆಯಲು ಬಂದ ವಿದೇಶಿ ಯೋಜನೆಯಲ್ಲಿ ಕಲ್ಲು ಮಣ್ಣು ಪರೀಕ್ಷಿಸುವ ಕೆಲಸ ಅವಳದು. ನಾನು ಅದೇ ಯಂತ್ರದ ಮೆಕ್ಯಾನಿಕ್, ಅಜ್ಜಂಪುರದವನು. ಆರು ಕಡೆ ಕೊರೆದರೂ ನೀರು ಬರಲಿಲ್ಲ. ಏಳನೆಯ ಕಡೆ ಬರುವ ಹೊತ್ತಿಗೆ ನಾವಿಬ್ಬರೂ ಮದುವೆಯಾಗುವುದೆಂದು ಮಾತಾಗಿತ್ತು.

ಅಮ್ಮ ಅತ್ತು ಕರೆದು ಕೊನೆಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ. ನಮ್ಮ ಮನೆಯಲ್ಲಿ ಸೊಸೆ ಬಂದರೆ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುವ ಪದ್ಧತಿ. ನಾನು ಅಕ್ಕಿಯ ಮೇಲೆ ‘ಗೌರಮ್ಮ’ ಎಂದು ಬರೆದೆ. ಲಗ್ನಪತ್ರಿಕೆಯಲ್ಲಿ ಗೌರಮ್ಮ, ದೇವಸ್ಥಾನದವರು ಕೊಟ್ಟ ಮದುವೆಯ ಚೀಟಿಯಲ್ಲಿ ಗೌರಮ್ಮ, ರೇಷನ್ ಕಾರ್ಡಿನಲ್ಲೂ ಗೌರಮ್ಮ. ಆಗ ಯಾರಿಗೂ ಏನೂ ಅನ್ನಿಸಲಿಲ್ಲ.

ಯೋಜನೆ ಮುಗಿಯಿತು. ಅಲ್ಲಿಯವರೆಗೆ ಅವಳ ವಾಸದ ಪರವಾನಗಿಗೆ ಯೋಜನೆಯವರೇ ಜವಾಬ್ದಾರರು. ಇನ್ನು ಗಂಡನಾದ ನಾನು ಜಾಮೀನು ನಿಲ್ಲಬೇಕಿತ್ತು. ಹೆಮ್ಮೆಯಿಂದ ‘ನನ್ನ ಹೆಂಡತಿ ಗೌರಮ್ಮ’ ಎಂದು ಬರೆದು ಚಿಕ್ಕಮಗಳೂರಿನ ಜಿಲ್ಲಾ ಕಚೇರಿಗೆ ಕಳಿಸಿದೆ. ಅರ್ಜಿ ವಾಪಸು ಬಂತು. ಗೌರಮ್ಮ ಎಂಬ ವಿದೇಶಿ ಮಹಿಳೆ ಜಿಲ್ಲೆಯಲ್ಲಿಲ್ಲ, ಇಂಗ್ರಿಡ್ ಎಂಬಾಕೆಗೆ ಮದುವೆಯಾದ ಪುರಾವೆಯಿಲ್ಲ, ಪರವಾನಗಿ ಮುಗಿದೊಡನೆ ಆಕೆ ದೇಶ ಬಿಡತಕ್ಕದ್ದು. ಉಳಿದದ್ದು ಹದಿನೆಂಟು ದಿನ. ರಿಜಿಸ್ಟ್ರಾರ್ ಹತ್ತಿರ ಮತ್ತೊಮ್ಮೆ ಮದುವೆಯಾಗೋಣವೆಂದರೆ ತಿಂಗಳ ನೋಟೀಸು ಬೇಕು. ಅವತ್ತೇ ಆ ಕಾಗದ ಹಿಡಿದು ತರೀಕೆರೆಗೆ ಓಡಿದೆ.

ಚಿನ್ನಯ್ಯನವರು ಕಾಗದ ಎರಡು ಸಲ ಓದಿದರು. “ತಪ್ಪು ಅವ್ರದಲ್ಲ ಕಣ್ರೀ. ಕಾಗದದಲ್ಲಿ ನಿಮ್ಗೆ ಇಬ್ರು ಹೆಂಡ್ರು. ಒಬ್ಬಳಿಗೆ ಪಾಸ್‌ಪೋರ್ಟ್ ಐತೆ, ಇನ್ನೊಬ್ಬಳಿಗೆ ಗಂಡ ಅವ್ನೆ. ಇಬ್ರೂ ಒಬ್ಬಳೇ ಅಂತ ಯಾರಾದ್ರೂ ಪ್ರಮಾಣ ಮಾಡ್ಬೇಕು.”

“ನಾನೇ ಮಾಡ್ತೀನಿ,” ಎಂದೆ.

“ಹೆಂಡ್ತಿ ಬೇಕಾದೋನು ಏನ್ ಬೇಕಾದ್ರೂ ಹೇಳ್ತಾನೆ ಬಿಡಿ. ಹೆಸ್ರು ಇಡ್ಸಿದ್ದು ಯಾರು?”

“ನಮ್ಮಮ್ಮ.”

“ಅವ್ರನ್ನ ಕರ್ಕೊಂಡ್ ಬನ್ನಿ.”

ಮರುದಿನ ಅಮ್ಮ ಇಂಗ್ರಿಡ್ ಜೊತೆ ಬಂದಳು, ಆದರೆ ಬೆಂಚಿನ ಹತ್ತಿರ ಬಂದು ನಿಂತುಬಿಟ್ಟಳು. ಚಿನ್ನಯ್ಯನವರು ಯಾವ ಕೇರಿಯವರೆಂದು ಅವಳಿಗೆ ಗೊತ್ತಿತ್ತು. “ನಾನು ಇಲ್ಲೇ ನಿಂತ್ಕೊಂಡು ಹೇಳ್ತೀನಪ್ಪ,” ಎಂದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚಿನ್ನಯ್ಯನವರು ಕೋಪಿಸಿಕೊಳ್ಳಲಿಲ್ಲ. “ಹಂಗಾದ್ರೆ ನಾಳೆ ಬನ್ನಿ ತಾಯಿ. ನಾಳೆಗೆ ಹದಿನಾರು ದಿನ ಇರ್ತದೆ,” ಎಂದು ಕನ್ನಡಕ ತೆಗೆದರು. ಅಮ್ಮ ಸೊಸೆಯ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು ಬೆಂಚಿನ ತುದಿಯಲ್ಲಿ ಕೂತಳು.

“ಹೆಸ್ರು ಯಾಕೆ ಬದಲಾಯ್ಸಿದ್ರಿ?”

“ಇದೇನ್ ಕೇಳ್ತೀಯ? ನಮ್ಮನೇಗೆ ಬಂದೋಳು ನಮ್ಮೋಳಾಗ್ಬೇಕಲ್ಲ, ಅದಕ್ಕೆ.”

ಅಷ್ಟನ್ನೇ ಟೈಪ್ ಮಾಡಿದರು. ಓದಿ ಹೇಳಿದಾಗ, ‘ದಯಮಾಡಿ ಕರುಣೆ ತೋರಬೇಕು’ ಅಂತಲೂ ಸೇರಿಸಿ ಎಂದು ನಾನು ಅಂಗಲಾಚಿದೆ. ಅವರು ಒಪ್ಪಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. “ದೇಶ ಬಿಡೋದು ನನ್ನ ಹೆಂಡ್ತಿ, ನಿಮ್ಮೋರಲ್ಲ!” ಎಂದು ಕೂಗಾಡಿದೆ. “ಕರುಣೆ ಕೇಳಿದ್ರೆ, ಕೊಡಲ್ಲ ಅನ್ನೋಕೂ ಅವ್ರಿಗೆ ದಾರಿ ಕೊಟ್ಟಂಗೆ. ಗಂಡನ್ ಜೊತೆ ಇರೋದಕ್ಕೆ ಕರುಣೆ ಯಾಕ್ರೀ?” ಎಂದಷ್ಟೇ ಹೇಳಿ ಅಮ್ಮನ ಹೆಬ್ಬೆಟ್ಟಿಗೆ ಮಸಿ ಹಚ್ಚಿದರು. ಆವತ್ತು ಆಡಿದ ಮಾತಿಗೆ ನನಗೆ ಇವತ್ತಿಗೂ ಬೇಸರವಿದೆ.

ತಾಲ್ಲೂಕು ಕಚೇರಿಯಲ್ಲಿ ಪ್ರಮಾಣ ಮಾಡಿಸಿ, ಮೂವರೂ ಚಿಕ್ಕಮಗಳೂರಿಗೆ ಹೋದೆವು. ಅಧಿಕಾರಿ ಪ್ರಮಾಣಪತ್ರ ಓದಿ, “ಇವ್ರೇನಾ ನಿಮ್ಮ ಸೊಸೆ?” ಎಂದು ಅಮ್ಮನನ್ನು ಕೇಳಿದರು.

“ಹೂಂ ಕಣಪ್ಪ. ಅನುಮಾನ ಇದ್ರೆ ಅವ್ಳ ಕೈಲಿ ರೊಟ್ಟಿ ತಟ್ಸಿ ನೋಡು. ಅಂಚು ಸೀಳ್ತದೆ, ಆದ್ರೂ ನಾವು ತಿಂತಾ ಇಲ್ವಾ?”

ಅಧಿಕಾರಿ ನಕ್ಕುಬಿಟ್ಟರು. ತಮ್ಮ ರಿಜಿಸ್ಟರಿನಲ್ಲಿ ಪಾಸ್‌ಪೋರ್ಟಿನ ಹೆಸರಿನ ಮುಂದೆ ಗೌರಮ್ಮ ಎಂದು ಸೇರಿಸಿಕೊಂಡು, ಒಂದು ವರ್ಷದ ಪರವಾನಗಿ ಕೊಟ್ಟರು.

ಆಮೇಲೆ ಪ್ರತಿ ವರ್ಷವೂ ಅದೇ ಕೆಲಸ. ಚಿನ್ನಯ್ಯನವರು ಟೈಪ್ ಮಾಡುವುದು, ನಾನು ಜಾಮೀನಿನ ಸಹಿ ಹಾಕುವುದು. ಪರವಾನಗಿ ಕೈಗೆ ಬಂದ ದಿನ ಇಂಗ್ರಿಡ್ ಕ್ಯಾಲೆಂಡರಿನಲ್ಲಿ ಅದು ಮುಗಿಯುವ ತಾರೀಖು ಹುಡುಕುತ್ತಿದ್ದಳು. ಏಳೆಂಟು ವರ್ಷ ಹೀಗೇ ಕಳೆದ ಮೇಲೆ ಅವಳ ಪೌರತ್ವಕ್ಕೆ ಅರ್ಜಿ ಹಾಕೋಣವೆಂದು ನಾನು ಅವಳನ್ನೂ ಕರೆದುಕೊಂಡು ಹೊರಟೆ. ಚಿನ್ನಯ್ಯನವರು ಆ ವೇಳೆಗೆ ಬಹಳ ಸೊರಗಿದ್ದರು, ಕೆಮ್ಮು ಬಿಡುತ್ತಿರಲಿಲ್ಲ. ನನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಅವಳ ಕಡೆ ತಿರುಗಿದರು. “ನಿಮ್ಮ ದೇಶದ ಪಾಸ್‌ಪೋರ್ಟ್ ಬಿಡ್ಬೇಕಾಯ್ತದೆ ತಾಯಿ. ನಿಮ್ಗೆ ಬೇಕಾ? ಗಂಡ ಹೇಳ್ತಾನೆ ಅಂತ ನಾನು ಟೈಪ್ ಮಾಡಲ್ಲ.”

ಇಂಗ್ರಿಡ್ ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು ಟೈಪ್‌ರೈಟರಿನ ಪಕ್ಕ ಇಟ್ಟಳು. ಕಣ್ಣು ತುಂಬಿದ್ದವು. “ಬೇಕು, ಬರೀರಿ,” ಎಂದಳು.

ಅರ್ಜಿ ಮುಗಿದ ಮೇಲೆ ಅಭ್ಯಾಸಬಲದಿಂದ ನಾನು ಪೆನ್ನು ತೆಗೆದು ನನ್ನ ಜಾಗ ಹುಡುಕಿದೆ. “ನಿಮ್ಮ ಜಾಮೀನು ಬೇಡ ಕಣ್ರೀ, ಇದು ಅವ್ರ ಅರ್ಜಿ,” ಎಂದು ಚಿನ್ನಯ್ಯನವರು ನಕ್ಕರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಪೌರತ್ವದ ಪತ್ರ ಬರಲು ಸುಮಾರು ಹತ್ತು ತಿಂಗಳಾಯಿತು. ತೋರಿಸಲೆಂದು ಅಮ್ಮನನ್ನೂ ಕರೆದುಕೊಂಡು ಹೋದರೆ, ಚಿನ್ನಯ್ಯನವರು ತೀರಿಕೊಂಡು ಎರಡು ತಿಂಗಳಾಗಿತ್ತು. ವಿಳಾಸ ಕೇಳಿಕೊಂಡು ಮನೆಗೆ ಹೋದೆವು. ಇಂಗ್ರಿಡ್ ಪತ್ರವನ್ನು ಅವರ ಹೆಂಡತಿಗೆ ಕನ್ನಡದಲ್ಲಿ ಪೂರ್ತಿ ಓದಿ ಹೇಳಿದಳು. ಅಮ್ಮ ಅವರ ಮನೆಯಲ್ಲಿ ಕಾಫಿ ಕುಡಿದಳು.

ವಾಪಸಾಗುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ತೆಂಗಿನ ಸಸಿ ಮಾರುತ್ತಿದ್ದ. ಇಂಗ್ರಿಡ್ ಒಂದನ್ನು ಎತ್ತಿಕೊಂಡು, ಕಾಯಿ ಬಿಡಲು ಎಷ್ಟು ದಿನವಾಗುತ್ತದೆ ಎಂದು ಕೇಳಿದಳು.

“ಏಳೆಂಟು ವರ್ಷ ಆಯ್ತದೆ ಕಣಮ್ಮ,” ಎಂದ ಅವನು.

“ಆಗ್ಲಿ ಬಿಡಪ್ಪ,” ಎಂದಳು ಇಂಗ್ರಿಡ್, “ನಾನಿರ್ತೀನಲ್ಲ.”