ಗೂಗಿ ಹೊಕ್ಕ ಮನೆ

ಆಕೆ ಮೊದಲು ಬೈದಳೋ, ನಾನು ಮೊದಲು ಬೈದೆನೋ, ಈಗ ಖಚಿತವಾಗಿ ಹೇಳಲಾರೆ. ಈ ಕತೆಯನ್ನು ಹತ್ತಾರು ಸಲ ಹೇಳಿದ್ದೇನೆ. ಪ್ರತಿ ಸಲವೂ ಆಕೆಯೇ ಮೊದಲು ಬೈಯುತ್ತಾಳೆ. ನನ್ನ ಅನುಮಾನ ಇರುವುದೇ ಅಲ್ಲಿ. ನಡೆದ ಸಂಗತಿ ಯಾವುದೂ ಇಷ್ಟು ಸಲೀಸಾಗಿ ನನ್ನ ಪರವಾಗಿ ಇದ್ದದ್ದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಹಕ್ಕಿ ನೋಡುವವರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ನೋಂದಣಿಗೆ ಒಂದು ವಿಳಾಸ ಬೇಕು, ಮನೆ ಮಾಲೀಕರ ಒಪ್ಪಿಗೆ ಬೇಕು ಎಂದರು. ಆದರೆ ಕೋಣೆಯ ಅವಸರ ಇದ್ದದ್ದು ನೋಂದಣಿಗಿಂತ ಹೆಚ್ಚಾಗಿ ತಂಗಡಗಿಯ ನಿವೃತ್ತ ಮಾಸ್ತರರಿಗೆ. ಕೃಷ್ಣೆಯ ದಂಡೆಗೆ ಯಾವ ಹಕ್ಕಿ ಯಾವ ವಾರ ಬಂತು, ಎಷ್ಟು ಬಂತು, ಯಾವ ವರ್ಷ ಬರಲೇ ಇಲ್ಲ ಎಂದು ನೌಕರಿಗೆ ಸೇರಿದಾಗಿನಿಂದ ಬರೆದಿಟ್ಟವರು ಅವರು. ಮೂರು ರಟ್ಟಿನ ಪೆಟ್ಟಿಗೆ ತುಂಬ ನೋಟುಬುಕ್ಕು, ಎಲ್ಲಕ್ಕೂ ಒಂದೇ ಪ್ರತಿ. ಅವು ಮುದ್ದೇಬಿಹಾಳದಲ್ಲಿ ಅವರ ಸಂಬಂಧಿಕರ ಬೀಜದ ಗೋದಾಮಿನಲ್ಲಿದ್ದವು. ಒಂದು ಪೆಟ್ಟಿಗೆಯ ಮೂಲೆಯನ್ನು ಇಲಿ ಆಗಲೇ ಕಡಿದಿತ್ತು. ಬಿತ್ತನೆಯ ಹಂಗಾಮಿನೊಳಗೆ ಎತ್ತಿಕೊಂಡು ಹೋಗಿ ಎಂದು ಗೋದಾಮಿನವರು ಹೇಳಿಬಿಟ್ಟಿದ್ದರು.

ಬಾಗೇವಾಡಿಯಲ್ಲಿ ಗೊಬ್ಬರದ ಅಂಗಡಿಯ ಮೇಲೊಂದು ಕೋಣೆ ಸಿಕ್ಕಂತೆಯೇ ಇತ್ತು. ಸಂರಕ್ಷಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಲೀಕ, ಅರಣ್ಯ ಇಲಾಖೆಯ ಜೀಪು ಬಾಗಿಲಿಗೆ ಬಂದು ನಿಲ್ಲುತ್ತದೇನು ಎಂದು ಕೇಳಿದ. ನಿಂತರೂ ನಿಲ್ಲಬಹುದು ಎಂದೆ. ಅವನು ಕೀಲಿಯನ್ನು ತಿರುಗಿ ಜೇಬಿಗೆ ಹಾಕಿಕೊಂಡ. ಸಿಂದಗಿಯ ಮಾಲೀಕ ನಮ್ಮನ್ನು ಕೂರಿಸಲೂ ಇಲ್ಲ.

"ನವಿಲ ನನ್ನ ತೊಗರಿ ಮೇಯೂವಾಗ ನೀವು ಯಾವ ಗಿಡದ ಮ್ಯಾಲೆ ಕುಂತಿದ್ರಿ?" ಎಂದ.

ನವಿಲು ಹುಳವನ್ನೂ ತಿನ್ನುತ್ತದೆ ಎಂದು ನಾನು ವಿವರಿಸತೊಡಗಿದೆ.

"ಹಂಗಾರ ನವಿಲಿನ ಮನ್ಯಾಗ ಆಫೀಸ್ ಹಾಕ್ರಿ."

ಉಳಿದದ್ದು ಇಂಡಿ. ಅಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಒಬ್ಬ ಹೆಣ್ಣುಮಗಳ ಮನೆ ತಿಂಗಳುಗಳಿಂದ ಬೀಗ ಹಾಕಿಕೊಂಡು ಬಿದ್ದಿದೆ ಎಂದು ಮಾಸ್ತರರಿಗೆ ಯಾರೋ ಹೇಳಿದ್ದರು. ಕಾರಣ ಗೂಬೆ. ನಮ್ಮ ಕಡೆ ಅದಕ್ಕೆ ಗೂಗಿ ಅನ್ನುತ್ತಾರೆ. ಗೂಗಿ ಹೊಕ್ಕ ಮನೆಯಲ್ಲಿ ಇರಬಾರದು, ಬಿಟ್ಟು ಹೋಗಬೇಕು, ಕೆಲವು ತಿಂಗಳಾದ ಮೇಲೆ ಶಾಂತಿ ಮಾಡಿಸಿ ಒಳಗೆ ಬರಬೇಕು. ಆಕೆ ಹೊರ್ತಿಯಲ್ಲಿ ಅಣ್ಣನ ಮನೆ ಸೇರಿದ್ದಳು. ಬಾಡಿಗೆಗೂ ಯಾರೂ ಬಂದಿರಲಿಲ್ಲ. ಮಾಸ್ತರರು ಫೋನಿನಲ್ಲಿ ಎರಡು ಸಲ ಮಾತಾಡಿ, ಸಂಘದ ಹೆಸರು, ಕೆಲಸ ಎಲ್ಲ ಹೇಳಿದ್ದರು.

ನಾವು ಹೋದ ದಿನ ಆಕೆ ಹೊರ್ತಿಯಿಂದ ಟೆಂಪೋ ಹಿಡಿದು ಬಂದು ಬೀಗ ತೆಗೆದಳು. ತಾನು ಮಾತ್ರ ಹೊಸ್ತಿಲು ದಾಟಲಿಲ್ಲ. ಕೋಣೆ ಒಣಗಿತ್ತು, ಗೋಡೆಯಲ್ಲಿ ಸಾಮಾನು ಇಡುವ ಕಲ್ಲಿನ ಗೂಡುಗಳಿದ್ದವು. ಮಾಸ್ತರರು ಗೂಡಿನ ಉದ್ದವನ್ನು ಗೇಣಿನಿಂದ ಅಳೆದರು, ಮತ್ತೊಮ್ಮೆ ಅಳೆದರು. ಮೂರೂ ಪೆಟ್ಟಿಗೆ ಹಿಡಿಯುತ್ತವೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬೆಳಕಿಂಡಿಯ ಕೆಳಗೆ ಗೋಡೆಯ ಮೇಲೆ ಗೂಬೆಯ ಬಿಳಿ ಹಿಕ್ಕೆ ಇಳಿದಿತ್ತು. ನಾನು ಅದರ ಫೋಟೋ ತೆಗೆದೆ.

"ತಗೋರಿ, ಛಂದಾಗಿ ತಗೋರಿ. ಗೂಗಿ ನಿಮ್ಮ ಬೀಗರಲ್ಲೇನು? ಬೀಗರ ಇದ್ದ ಮನಿ, ನಿಮಗ ಛಲೋ ಆಗತೈತಿ" ಎಂದಳು ಆಕೆ.

ಮಾಸ್ತರರು ನಕ್ಕರು. ನಾನೂ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಆ ಮಾತು ಚುಚ್ಚಿತು. ಗೂಬೆ ಇಲಿ ತಿನ್ನುತ್ತದೆ, ಇಲಿ ಕಾಳು ತಿನ್ನುತ್ತದೆ ಎಂದು ಶುರು ಮಾಡಿದೆ. ಗಟ್ಟಿ ಮನೆ ಬಿಟ್ಟು ಓಡಿಹೋಗುವುದು ಎಂಥ ಬುದ್ಧಿ ಎಂದೆ. ಮಾಸ್ತರರ ಪ್ರಕಾರ ನಾನು ತಲೆ ಇಲ್ಲದವರು ಎಂದೂ ಅಂದೆನಂತೆ. ನನ್ನ ನೆನಪಿನಲ್ಲಿ ಆ ಮಾತಿಲ್ಲ. ಆಕೆ ನನ್ನನ್ನು ಪುಸ್ತಕದ ಹುಳ ಎಂದದ್ದು ಮಾತ್ರ ಇದೆ. ಕಲಿತವರು ಹೀಗೆ ಮಾತಾಡುವುದಿಲ್ಲ ಎಂದು ನಾನು ಅಂದದ್ದನ್ನು ಮಾಸ್ತರರೂ ನಾನೂ ಇಬ್ಬರೂ ಒಪ್ಪುತ್ತೇವೆ.

"ಹಂಗಾರ ಕಲತವರ ಮನೀಗೆ ಹೋಗ್ರಿ. ಗೂಗಿ ಹೊಕ್ಕ ಮನಿ ಕೇಳಾಕ ಯಾಕ ಬಂದೀರಿ?" ಎಂದಳು. ನಮ್ಮನ್ನು ಹೊರಗೆ ಕರೆದು ಬೀಗ ಜಡಿದಳು. ಹೋಗುವ ಮುಂಚೆ ನನ್ನ ಕಡೆ ನೋಡದೆ, "ಮಾಸ್ತರ, ನೀವೊಬ್ಬರ ಬಂದಿದ್ರ ಛಲೋ ಇತ್ತು" ಎಂದಳು.

ಬಸ್ಸಿನಲ್ಲಿ ಮಾಸ್ತರರು ಬೇರೆ ಸೀಟಿನಲ್ಲಿ ಕೂತರು. ವಿಳಾಸವಿಲ್ಲದ ನಮ್ಮ ಅರ್ಜಿ ತಿರುಗಿ ಬಂತು. ಪೆಟ್ಟಿಗೆಗಳು ತಂಗಡಗಿಗೆ ಹೋಗಿ ಅವರ ದನದ ಕೊಟ್ಟಿಗೆಯ ಅಟ್ಟ ಸೇರಿದವು. ಆ ಮಳೆಗಾಲದಲ್ಲಿ ತಗಡು ಸೋರಿತು. ಎರಡು ಪೆಟ್ಟಿಗೆಗಳ ಶಾಯಿ ಹರಡಿ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ನೋಡಲು ಹೋದಾಗ ನಾನು ಬಿಡಿಸಲು ಕೈ ಹಾಕಿದೆ. ಅವರು ನನ್ನ ಕೈ ಸರಿಸಿದರು.

"ಆಕಿ ಕೊಡಾಕ ಬಂದಿದ್ಲು" ಎಂದರು.

ಇಲ್ಲ, ಆಕೆ ನಮ್ಮನ್ನು ಹಂಗಿಸಲಿಕ್ಕೇ ಬಂದಿದ್ದಳು ಎಂದು ವಾದಿಸಿದೆ. ಅಷ್ಟರಲ್ಲಿ ಎಲ್ಲರಿಗೂ ಹಾಗೆಯೇ ಹೇಳಿಕೊಂಡು ಬಂದಿದ್ದೆ. ಆಕೆ ಕೊಡುತ್ತಿದ್ದಳು ಎನ್ನಲು ಆಧಾರವೇನು ಎಂದು ಕೇಳಿದೆ.

"ಆಧಾರ ಬರದಿಟ್ಟವನ ಮುಂದ ಆಧಾರ ಕೇಳಾಕತ್ತೀರಿ" ಎಂದರು. ಅಂದಿನಿಂದ ಅವರು ನನ್ನ ಫೋನ್ ಎತ್ತಿಲ್ಲ.

ಅವರ ಮಾತು ತಪ್ಪೆಂದು ತೋರಿಸಲಿಕ್ಕೇ ನಾನು ಇಂಡಿಗೆ ಹೋದದ್ದು, ಬೇರೆ ಕೆಲಸವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಕೆ ಕೊಡುವವಳಾಗಿದ್ದರೆ ಕರಾರು ಬರೆಸಿರಬೇಕು. ತಹಸೀಲ್ದಾರ ಕಚೇರಿಯ ಎದುರು ಬಾಂಡ್ ಬರೆಯುವವರು ಮೂವರು. ಇಬ್ಬರು ಇಲ್ಲ ಎಂದಾಗ ನನಗೆ ಖುಷಿಯಾಯಿತು. ಮೂರನೆಯವನಿಗೂ ಏನೂ ನೆನಪಿರಲಿಲ್ಲ. ಯಾರೂ ಒಯ್ಯದ ಕಾಗದಗಳ ಒಂದು ಕಟ್ಟನ್ನು ನನ್ನ ಮುಂದೆ ಒಗೆದು, ನೀವೇ ನೋಡಿಕೊಳ್ಳಿ ಎಂದ.

ಅದರಲ್ಲಿ ಬಾಡಿಗೆ ಕರಾರು ಇತ್ತು. ನಮ್ಮ ಸಂಘದ ಹೆಸರು ಸರಿಯಾಗಿ ಟೈಪಾಗಿತ್ತು. ಬಾಡಿಗೆದಾರರ ಸಹಿಯ ಜಾಗ ಖಾಲಿ, ಮಾಲೀಕರ ಜಾಗದಲ್ಲಿ ಆಕೆಯ ಸಹಿ. ತಾರೀಕನ್ನು ನನ್ನ ಮೊಬೈಲಿನಲ್ಲಿದ್ದ ಹಿಕ್ಕೆಯ ಫೋಟೋದ ತಾರೀಕಿನ ಜೊತೆ ಇಟ್ಟು ಎರಡು ಸಲ ನೋಡಿದೆ. ಆಕೆ ಸಹಿ ಮಾಡಿದ್ದು ನಾವು ಹೋದದ್ದರ ಹಿಂದಿನ ದಿನ.