ಎಡಗಡೆಯ ಹೂವು

ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಶಕುನ, ಕಣಿ, ಮಾಟ ಇವುಗಳನ್ನು ಕ್ಲಾಸಿನಲ್ಲಿ ಗೇಲಿ ಮಾಡಿಯೇ ಮಕ್ಕಳಲ್ಲಿ ಒಂದಿಷ್ಟು ಹೆಸರು ಸಂಪಾದಿಸಿದವನು. ದೇವರು ಹೀಗೆ ಹೇಳಿದ ಎಂದು ಯಾರಾದರೂ ಅಂದರೆ, ಯಾವ ಭಾಷೆಯಲ್ಲಿ ಹೇಳಿದ ಎಂದು ಕೇಳುವ ಜಾತಿ ನನ್ನದು. ಅಂಥವನು ಬರೆದ ಈ ಸಂಗತಿಯನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಇದನ್ನು ನಕ್ಕು ಬಿಟ್ಟುಬಿಡಲು ನನ್ನಿಂದಲೇ ಆಗಿದ್ದರೆ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ನಮ್ಮೂರು ಮುಳಬಾಗಿಲು ಕಡೆಯ ಒಂದು ಹಳ್ಳಿ. ಅಲ್ಲಿಯ ಗ್ರಾಮದೇವತೆಯ ಪೂಜೆ ನಮ್ಮ ಮನೆತನದ್ದು. ಊರವರೆಲ್ಲ ಅವಳನ್ನು ಅಮ್ಮೋರು ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕನ್ನಡ. ಆದರೆ ಅಪ್ಪ ಅಮ್ಮೋರ ಜೊತೆ ಮಾತ್ರ ತೆಲುಗಿನಲ್ಲಿ ಮಾತಾಡುತ್ತಿದ್ದರು. ಅವರ ತಾಯಿ ಹಾಗೆ ಕಲಿಸಿದ್ದರಂತೆ. ಗರ್ಭಗುಡಿಯ ಬಾಗಿಲಲ್ಲಿ ನಿಂತು, ಮನೆಯ ಹಿರಿಯಳನ್ನು ಕೇಳುವ ಹಾಗೆ, ಮಳೆಯಿಂದ ಹಿಡಿದು ಹಸುವಿನ ಕಾಯಿಲೆಯವರೆಗೆ ಎಲ್ಲವನ್ನೂ ಕೇಳುತ್ತಿದ್ದರು.

ನಮ್ಮ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇತ್ತು. ಮೂರ್ತಿಯ ಎರಡು ಭುಜಗಳ ಮೇಲೆ ಒದ್ದೆ ಮಾಡಿದ ಒಂದೊಂದು ಕಣಗಿಲೆ ಹೂವನ್ನು ಅಂಟಿಸಿ, ಕೇಳಬೇಕಾದ್ದನ್ನು ಕೇಳಿ, ಕಾಯಬೇಕು. ಅಮ್ಮೋರ ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಹೀಗೆ ಬಿದ್ದ ಹೂವನ್ನೇ ಪ್ರಸಾದ ಅನ್ನುತ್ತಿದ್ದೆವು. ಇದಕ್ಕೆ ಅಪ್ಪನ ಎರಡು ಕಟ್ಟಳೆಗಳಿದ್ದವು. ಕೇಳುವವನು ಹೂ ಇಡಬಾರದು, ಇಡುವವನು ಮನಸ್ಸಿನಲ್ಲೂ ಏನನ್ನೂ ಕೇಳಬಾರದು. ಇನ್ನೊಂದು, ಒಂದೇ ಮಾತನ್ನು ಎರಡು ಸಲ ಕೇಳಬಾರದು. ಊರವರು ಬಂದಾಗ ಅಪ್ಪ ಹೂ ಇಡುತ್ತಿದ್ದರು. ನಮ್ಮ ಮನೆಯದೇ ವಿಷಯವಾದರೆ ಅಪ್ಪ ಕೇಳುತ್ತಿದ್ದರು, ನಾನು ಇಡುತ್ತಿದ್ದೆ. ಬೋರ್‌ವೆಲ್ ತೆಗೆಸಿದ್ದು, ನನ್ನನ್ನು ಕೋಲಾರದ ಕಾಲೇಜಿಗೆ ಸೇರಿಸಿದ್ದು, ಎಲ್ಲ ಹಾಗೆಯೇ ತೀರ್ಮಾನವಾದವು.

ನೀರು ಹೆಚ್ಚಾದ ಹೂ ಬೇಗ ಜಾರುತ್ತದೆ ಎಂಬುದು ನನಗೆ ಒಂಬತ್ತನೆಯ ವಯಸ್ಸಿಗೇ ಗೊತ್ತಾಗಿತ್ತು. ನನ್ನ ಮೊದಲ ವಿಜ್ಞಾನದ ಪಾಠವೇ ಅದು. ಏನೋ ಕಂಡುಹಿಡಿದವನಂತೆ ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನೀರೇ ಬೀಳಿಸೋದು ಕಣೋ, ಇಲ್ಲ ಅಂದೋರ್ಯಾರು? ಯಾವುದನ್ನ ಬೀಳಿಸ್ಬೇಕು ಅಂತ ನೀರಿಗೆ ಹೇಳೋರು ಬೇಕಲ್ಲ" ಎಂದರು. ಆ ವಯಸ್ಸಿಗೆ ಆ ಮಾತು ಸಾಕಾಯಿತು. ಬಿ.ಎಡ್. ಮುಗಿಸುವ ಹೊತ್ತಿಗೆ ಸಾಲದಾಯಿತು. ಅಪ್ಪನೊಡನೆ ನಾನು ಜಗಳವಾಡಲಿಲ್ಲ, ಗುಡಿಗೆ ಹೋಗುವುದನ್ನೂ ಬಿಡಲಿಲ್ಲ. ಶುಕ್ರವಾರ ರಜೆ ಸಿಕ್ಕಿದರೆ ಹೋಗಿ ಕೊಡದಲ್ಲಿ ನೀರು ತರುತ್ತಿದ್ದೆ, ಹೂ ಬಿಡಿಸುತ್ತಿದ್ದೆ. ಒಳಗೆ ಮಾತ್ರ ಏನೂ ಉಳಿದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದು ಪೂಜಾರಿಯ ಮನೆಗೆ ಚೆನ್ನಾಗಿ ಹೊಂದುತ್ತದೆ.

ಭಾಗ್ಯ ನನ್ನ ತಂಗಿ, ನನಗಿಂತ ಐದು ವರ್ಷ ಚಿಕ್ಕವಳು. ತಾಯಿ ನಾನು ಪಿಯುಸಿ ಓದುವಾಗಲೇ ತೀರಿಕೊಂಡಿದ್ದರಿಂದ ಮನೆಯನ್ನು ನಡೆಸುತ್ತಿದ್ದವಳು ಅವಳೇ. ರವಿಕೆ ಹೊಲಿಯುತ್ತಿದ್ದಳು, ಊರ ಹೆಂಗಸರ ಅಳತೆಯನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದಳು. ಇಪ್ಪತ್ತೆರಡನೆಯ ವಯಸ್ಸಿಗೆ ಗುಡಿಯ ಹತ್ತು ಮೆಟ್ಟಿಲು ಹತ್ತುವುದರಲ್ಲಿ ಎರಡು ಸಲ ಕೂರುವಂತಾದಳು. ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದಾಗ, ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೃದಯದ ಕವಾಟ ಹಾಳಾಗಿದೆ ಎಂದರು. ಆಪರೇಷನ್ ಮಾಡಬೇಕು, ಮಾಡಿದರೆ ಅಪಾಯ ಇಲ್ಲದೇ ಇಲ್ಲ, ಮಾಡದಿದ್ದರೆ ಹೆಚ್ಚು ವರ್ಷ ಇರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ನನಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಅಪ್ಪ ಮಾತ್ರ ಶುಕ್ರವಾರ ಹೂ ಕೇಳೋಣ ಎಂದರು, ಭಾಗ್ಯಳೂ ಹೂಂ ಎಂದಳು.

ಬಸ್ಸಿನಲ್ಲಿ ಊರಿಗೆ ಬರುವಾಗಲೇ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ತಂಗಿಯ ಜೀವವನ್ನು ಕಣಗಿಲೆ ಹೂವಿಗೆ ಬಿಡುವುದು ನನ್ನಿಂದ ಆಗದ ಕೆಲಸ. ಅಮ್ಮೋರು ಬಲಗಡೆಯದನ್ನೇ ಕೊಡುವಂತೆ ನಾನೇ ನೋಡಿಕೊಳ್ಳಬೇಕು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಎಂದು ಗೊತ್ತಿತ್ತು, ನಾಚಿಕೆಯೇನೂ ಆಗಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಬಿಸಿಲು ಬಾಗಿಲಿನಿಂದ ಅರ್ಧ ಗುಡಿಯವರೆಗೆ ಬಂದಿತ್ತು. ಅಪ್ಪ, ಭಾಗ್ಯ ಇಬ್ಬರೂ ಹೊರಗೆ ಕಂಬದ ಹತ್ತಿರ ಇದ್ದರು. ನಾನು ಒಳಗೆ ಹೋಗಿ, ಬಲಗಡೆಯ ಹೂವನ್ನು ಚೊಂಬಿನಲ್ಲಿ ಪೂರ್ತಿ ಮುಳುಗಿಸಿ, ತೊಟ್ಟಿಕ್ಕುವ ಹಾಗೆಯೇ ಹಚ್ಚಿದೆ. ಎಡಗಡೆಯ ಹೂವಿನ ಹಿಂದೆ, ಯಾರಿಗೂ ಕಾಣದಂತೆ, ಗಟ್ಟಿಯಾಗಿ ತೇಯ್ದ ಗಂಧ ಮೆತ್ತಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅಂಟಿಸಿದೆ. ಅದು ನಮ್ಮ ಅಮ್ಮೋರ ಕಲ್ಲು, ನಾನು ಚಿಕ್ಕಂದಿನಿಂದ ಒರೆಸಿದ ಕಲ್ಲು. ಒಣಗಿದ ಗಂಧವನ್ನು ಅದರಿಂದ ಕೀಳಲು ಉಗುರು ಬೇಕಾಗುತ್ತಿತ್ತು. ಬಲಗಡೆಯದು ಐದು ನಿಮಿಷವೂ ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿ ಹೊರಗೆ ಬಂದು ಪಕ್ಕದಲ್ಲಿ ನಿಂತೆ.

ಅಪ್ಪ ಕೈಮುಗಿದು ಕೇಳಿದರು. ಮಗಳಿಗೆ ಕುಯ್ಯಿಸಬೇಕು ಅನ್ನುತ್ತಾರೆ, ಕಳಿಸಲೋ ಬೇಡವೋ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿ, ಕೊನೆಗೆ ಯಾವಾಗಲೂ ಅನ್ನುವಂತೆ "ಚೆಪ್ಪು ತಲ್ಲಿ" ಎಂದರು. ಹೇಳು ತಾಯಿ ಎಂದರ್ಥ.

ಬಲಗಡೆಯ ಹೂವಿನಿಂದ ನೀರು ಇಳಿದು ಪೀಠದವರೆಗೆ ಗೆರೆ ಎಳೆಯಿತು. ಹೂ ಅಲುಗಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ನೀರಿನ ಗೆರೆಯೂ ಆರಿಹೋಯಿತು. ಗಾಳಿ ಇರಲಿಲ್ಲ, ದೀಪ ನೆಟ್ಟಗೆ ಉರಿಯುತ್ತಿತ್ತು. ನಿಂತು ನಿಂತು ಭಾಗ್ಯ ಕಂಬಕ್ಕೆ ಒರಗಿ ಕೂತಳು. ಆಗ ಎಡಗಡೆಯ ಹೂ ಬಿತ್ತು. ಜಾರಲಿಲ್ಲ. ಜಾರಿದ್ದರೆ ನನಗೆ ಏನಾದರೊಂದು ಸಮಾಧಾನ ಸಿಗುತ್ತಿತ್ತು. ಯಾರೋ ಎರಡು ಬೆರಳಲ್ಲಿ ಕಿತ್ತು ಬಿಟ್ಟಂತೆ ಕಲ್ಲಿನಿಂದ ಒಂದು ಗೇಣು ಮುಂದೆ ಬಂದು ಬಿತ್ತು.

ಅಪ್ಪ ನೆಲಕ್ಕೆ ಹಣೆ ಮುಟ್ಟಿಸಿ, ಭಾಗ್ಯಳನ್ನು ಎಬ್ಬಿಸಿಕೊಂಡು ಮನೆಗೆ ಹೋದರು. ನಾನು ಒಳಗೆ ಹೋಗಿ ನೋಡಿದೆ. ಗಂಧವೆಲ್ಲ ಹೂವಿನ ಬೆನ್ನಿಗೇ ಇತ್ತು, ಇನ್ನೂ ಹಸಿಯಾಗಿತ್ತು. ಕಲ್ಲಿನ ಮೇಲೆ ನಾನು ಒತ್ತಿದ ಜಾಗದಲ್ಲಿ ಗಂಧದ ಕಲೆ ಕೂಡ ಇರಲಿಲ್ಲ. ಹಸಿ ಗಂಧ ಮುಟ್ಟಿದ ಕಲ್ಲು ಅಷ್ಟು ಚೊಕ್ಕಟವಾಗಿ ಇರುವುದಕ್ಕೆ ಸಾಧ್ಯವೇ ಇಲ್ಲ. ನಾನು ಅಂಗೈಯಿಂದ ಸವರಿ ನೋಡಿದೆ. ಒಣಕಲ್ಲು. ಬಲಗಡೆಯ ಹೂ ಹಾಗೇ ಇತ್ತು, ಮಾರನೆಯ ದಿನ ಅಭಿಷೇಕದಲ್ಲಿ ಅಪ್ಪ ಅದನ್ನು ಕೈಯಿಂದ ತೆಗೆಯಬೇಕಾಯಿತು. ಹೆದರಿಕೆಯಾಯಿತು ಎಂದು ಹೇಳಲು ಈಗ ನನಗೆ ಸಂಕೋಚವಿಲ್ಲ.

ಸಂಜೆ ಭಾಗ್ಯ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಎರಡು ಮೂರು ಬುದ್ಧಿಮಾತು ಹೇಳಿ ನೋಡಿದೆ. "ಬೇಡ ಬಿಡಣ್ಣ. ಅಮ್ಮೋರು ಬೇಡ ಅಂದ್ಮೇಲೆ ಹೆಂಗೆ ಹೋಗ್ಲಿ? ನೀನೂ ಇದೇ ಮನೇಲಿ ಬೆಳೆದೋನಲ್ವಾ?" ಎಂದಳು. ನನಗೆ ಎರಡು ದಾರಿಯಿದ್ದವು. ಗಂಧದ ವಿಷಯ ಹೇಳಬಹುದಿತ್ತು. ಹೇಳಿದ್ದರೆ ಅದು ಎಡಗಡೆಯ ಪ್ರಸಾದಕ್ಕೆ ಇನ್ನೂ ದೊಡ್ಡ ಸಾಕ್ಷಿಯಾಗಿ, ಅವಳು ಜನ್ಮದಲ್ಲಿ ಆಸ್ಪತ್ರೆಯ ಮುಖ ನೋಡುತ್ತಿರಲಿಲ್ಲ. ಹಾಗಾಗಿ ಇನ್ನೊಂದು ಸುಳ್ಳು ಹೇಳಿದೆ. ಬೆಳಿಗ್ಗೆ ಕೈ ತಪ್ಪಿ ಎಡಗಡೆಯ ಹೂವಿಗೆ ನೀರು ಜಾಸ್ತಿ ಹಾಕಿಬಿಟ್ಟಿದ್ದೆ, ಅದಕ್ಕೇ ಬಿತ್ತು ಎಂದೆ.

ಅಪ್ಪ ಪಡಸಾಲೆಯಿಂದ ಎದ್ದು ಬಂದು ನನ್ನ ಮುಖವನ್ನೇ ನೋಡಿದರು. ನಾನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳಲಿಲ್ಲ, ಚೆನ್ನಾಗಿಯೇ ಅಭಿನಯಿಸಿದೆ. ಕೈ ತಪ್ಪಾಗಿದ್ದರೆ ಅದು ಪ್ರಸಾದವಲ್ಲ, ಇನ್ನೊಂದು ಸಲ ಕೇಳುವ ಹಾಗೂ ಇಲ್ಲ, ಓದಿದವನು ನೀನು, ನೀನೇ ತೀರ್ಮಾನ ಮಾಡು ಎಂದು ಹೇಳಿ ಹೊರಗೆ ಹೋದರು. ಭಾಗ್ಯಳ ಮುಖ ಅರಳಿತು. ಅವಳಿಗೆ ಬದುಕಬೇಕಿತ್ತು, ಅದು ನನಗೆ ಆ ಕ್ಷಣದವರೆಗೆ ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. "ನಿಜವಾಗ್ಲೂ ನೀನೇನಾ ನೀರು ಹಾಕಿದ್ದು?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ. "ಹಂಗಾದ್ರೆ ಹೋಗೋಣ ಅಣ್ಣ" ಎಂದಳು.

ಆಪರೇಷನ್ ಆಗಿ ಮೂರನೆಯ ದಿನ ಅವಳು ತೀರಿಕೊಂಡಳು. ಡಾಕ್ಟರುಗಳ ತಪ್ಪೇನೂ ಅದರಲ್ಲಿ ಇರಲಿಲ್ಲ. ಅವರು ಮೊದಲೇ ಹೇಳಿದ್ದ ಅಪಾಯ ಅವಳ ಪಾಲಿಗೆ ಬಂದಿತ್ತು, ಅಷ್ಟೇ. ಇದನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದಿನದ ಪೂಜೆ ನಡೆಸಿಕೊಂಡು ಹೋದರು. ಹೂ ಕೇಳುವುದನ್ನು ಮಾತ್ರ ನಿಲ್ಲಿಸಿದರು. ದೂರದಿಂದ ಬಂದವರನ್ನು, ಇಲ್ಲಿ ಈಗ ಅದು ನಡೆಯುವುದಿಲ್ಲ ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರು. ಗರ್ಭಗುಡಿಯ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಮಾತಾಡುವುದೂ ನಿಂತಿತು. ಗಂಟೆ ಬಾರಿಸಿ, ಆರತಿ ಎತ್ತಿ, ಬಾಗಿಲು ಹಾಕಿಕೊಂಡು ಬರುವರು. ಮಗಳ ದುಃಖ ಎಂದುಕೊಂಡೆ. ಅಪ್ಪ ಮನೆಗೆ ಬಂದ ಮೇಲೆ ಮಧ್ಯಾಹ್ನದ ಹೊತ್ತು ನಾನು ಒಬ್ಬನೇ ಗುಡಿಗೆ ಹೋಗಿ, ಅದೇ ಭುಜಕ್ಕೆ, ಅದೇ ಥರ ಗಂಧ ಮೆತ್ತಿದ ಹೂ ಅಂಟಿಸಿ ಕೂರುತ್ತಿದ್ದೆ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಗಂಧ ತೆಳುವಾಗಿ, ದಪ್ಪವಾಗಿ, ಎಲ್ಲ ಬಗೆಯಲ್ಲೂ ನೋಡಿದೆ. ಒಂದು ಸಲವೂ ಬೀಳಲಿಲ್ಲ. ಪ್ರತಿ ಸಲ ಉಗುರಿನಿಂದ ಕೆರೆದು ತೆಗೆದು, ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಂದೆ.

ಹೀಗೆ ಹನ್ನೆರಡು ವರ್ಷ ಕಳೆಯಿತು. ಹೋದ ವರ್ಷ ಅಪ್ಪ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಲೇ, ಒಂದು ಮಾತು ನಿಜ ಹೇಳು. ಅವತ್ತು ಎಡಗಡೆ ಹೂವಿಗೆ ನೀರು ಜಾಸ್ತಿ ಹಾಕಿದ್ದು ಹೌದಾ?"

ನಾನು ಇನ್ನೊಂದು ಕೈಯಿಂದ ಗಂಜಿಯ ಬಟ್ಟಲನ್ನು ದೂರ ಸರಿಸಿದೆ.

"ಇಷ್ಟು ವರ್ಷ ಅವಳ ಕಲ್ಲು ತೊಳೆದಿದೀನಿ. ನನ್ನ ಮಗಳ ವಿಷಯದಾಗೆ ಅವಳು ನಂಗೆ ಒಂದು ಮಾತೂ ಹೇಳ್ಲಿಲ್ವೇನೋ?"

ಅವರನ್ನು ಹನ್ನೆರಡು ವರ್ಷ ತಿಂದದ್ದು ಏನೆಂದು ನನಗೆ ಅರ್ಥವಾದದ್ದು ಆಗ. ಮಗಳು ಹೋದದ್ದಕ್ಕಿಂತ, ಅಮ್ಮೋರು ಸುಮ್ಮನಿದ್ದಳಲ್ಲ ಎಂಬುದು. ಹೇಳಿದ್ದಳು ಅಪ್ಪ, ನಾನು ಗಂಧ ಹಾಕಿ ಅಂಟಿಸಿದ ಹೂವನ್ನು ಕಿತ್ತು ಹೇಳಿದ್ದಳು ಎಂದು ನಾನು ಅನ್ನಬಹುದಿತ್ತು. ಅಷ್ಟಂದಿದ್ದರೆ ಅವರ ದೇವರು ಅವರಿಗೆ ಸಿಗುತ್ತಿದ್ದಳು. ಆದರೆ ಅಮ್ಮೋರು ಬೇಡವೆಂದಿದ್ದರೂ ಭಾಗ್ಯಳನ್ನು ಕರೆದುಕೊಂಡು ಹೋಗಿ ಕೊಂದವನು ಮಗನೇ ಎಂಬುದೂ ಅದರ ಜೊತೆಗೇ ಸಿಗುತ್ತಿತ್ತು. ಅವರಿಗೆ ಅದು ಬೇಡವೆಂದು ನಾನು ಸುಮ್ಮನಾದೆನೋ, ನನಗೇ ಹೇಳುವ ಧೈರ್ಯವಿರಲಿಲ್ಲವೋ, ಈಗ ಹೇಳಲಾರೆ. ಎರಡನೆಯದೇ ಇರಬೇಕು.

"ಹೌದಪ್ಪ, ನಾನೇ ಹಾಕಿದ್ದು" ಎಂದೆ.

ಅವರು ಕೈ ಬಿಟ್ಟು ಗೋಡೆಯ ಕಡೆ ಹೊರಳಿದರು.

ಆ ಹೂ ಯಾಕೆ ಬಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ದೇವರನ್ನು ನಂಬಿದರೆ ತಂಗಿಯ ಸಾವಿಗೆ ನಾನು ಹೊಣೆ. ನಂಬದಿದ್ದರೆ, ಏನೂ ಅಲ್ಲದ ಒಂದು ಹೂವಿಗಾಗಿ ಅಪ್ಪನ ಬಾಳನ್ನು ಬರಿದು ಮಾಡಿದವನು. ಕ್ಷಮಿಸು ಎಂದು ಕೈಮುಗಿಯಲು ಹೋದರೆ ಮುಂದೆ ಯಾರಿದ್ದಾರೆ ಎಂದು ತಿಳಿಯುವುದಿಲ್ಲ.

ಅದಾದ ಎಂಟನೆಯ ದಿನ ಬೆಳಿಗ್ಗೆ ಅಪ್ಪನಿಗೆ ಮೇಲುಸಿರು ಬಂತು. ನಾನು ಓಡಿಹೋಗಿ ಗುಡಿಯಿಂದ ತೀರ್ಥ ತಂದೆ. ಊರಿನಲ್ಲಿ ಎಷ್ಟೋ ಜನರ ಬಾಯಿಗೆ ಕೊನೆಯ ತೀರ್ಥ ಹಾಕಿದವರು ಅವರು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪ, ಅಮ್ಮೋರ ತೀರ್ಥ ಎಂದು ಹೇಳಿ, ಉದ್ಧರಣೆಯನ್ನು ತುಟಿಯ ಹತ್ತಿರ ತಂದೆ. ಅವರಿಗೆ ಎಚ್ಚರವಿತ್ತು. ನನ್ನನ್ನು ನೋಡಿದರು, ಉದ್ಧರಣೆಯನ್ನು ನೋಡಿದರು, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡರು. ತೀರ್ಥವೆಲ್ಲ ಕೆನ್ನೆಯ ಮೇಲೆ ಹರಿದು ದಿಂಬಿಗೆ ಹೋಯಿತು.